ಬೆಟಗೇರಿಯಲ್ಲಿ ಕಟ್ಟಿ ಕಾರವಾರದಲ್ಲಿ ಜಾರಿದ ಗಂಟು

ಹನ್ನೊಂದು ತುಂಡು ದಾರ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕಾರವಾರದಿಂದ ವಾಪಸು ಬಂದಿತ್ತು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬಂದ ಆ ಡಬ್ಬಿಯನ್ನು ಬೆಳಿಗ್ಗೆ ಎಂಟಕ್ಕೆ ಗದಗಿನ ನಿಲ್ದಾಣದಲ್ಲಿ ಬಿಡಿಸಿಕೊಂಡೆ. ಎಂಟೂವರೆಗೆ ಬೆಟಗೇರಿಯ ಮನೆ ತಲುಪಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ತುಂಡುಗಳನ್ನು ಸಾಲಾಗಿ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಕಡಿದುಹೋದ ದಾರದ ತುದಿ ಹಲ್ಲುಜ್ಜಿದ ಬೇವಿನ ಕಡ್ಡಿಯಂತೆ ಕೆದರಿರುತ್ತದೆ. ಇವುಗಳ ತುದಿ ಕೆದರಿರಲಿಲ್ಲ. ಹನ್ನೊಂದೂ ಸುರುಳಿ ಸುರುಳಿಯಾಗಿ, ಬಳ್ಳಿಯ ಎಳೆ ಕುಡಿಯಂತೆ ಸುತ್ತಿಕೊಂಡಿದ್ದವು. ಅಂದರೆ ದಾರ ಕಡಿದಿರಲಿಲ್ಲ, ಗಂಟು ಜಾರಿತ್ತು.

ನಿವೃತ್ತಿಯಾಗುವವರೆಗೆ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ನಿಂತವಳಿಗೆ ಈ ಎರಡರ ವ್ಯತ್ಯಾಸ ಯಾರೂ ಹೇಳಬೇಕಾಗಿಲ್ಲ. ಹೊಲಿಗೆ ಕಡಿದರೆ ದಾರದ ತಪ್ಪು. ಜಾರಿದರೆ ಕೈಯ ತಪ್ಪು.

ಕೈ ಯಾರದು ಎಂಬುದೂ ಮೇಜಿನ ಮೇಲೆಯೇ ಇತ್ತು. ಗಂಟು ಕಟ್ಟುವ ಮೂವರ ಕೆಲಸಕ್ಕೂ ಮೂರು ಬಣ್ಣದ ಗುರುತಿನ ಎಳೆ ಹಾಕುತ್ತಿದ್ದೆವು. ಹನ್ನೊಂದಕ್ಕೂ ಹಸಿರು ಎಳೆ ಇತ್ತು. ಹಸಿರು ಎದುರುಮನೆಯ ಚಾಚಿಯದು.

ಬಯಲುಸೀಮೆಯ ಬೆಟಗೇರಿಗೆ ಸಮುದ್ರದ ಗಂಟು ಹೇಗೆ ಬಂತು ಎಂದು ಕೇಳುವವರಿಗೆ ಇಷ್ಟು ಹೇಳಬೇಕು. ಮುಂಡರಗಿ ಕಡೆಯ ಒಬ್ಬಾತ, ತುಂಗಭದ್ರೆಯಲ್ಲಿ ಬಲೆ ಬೀಸಿ ಬೆಳೆದವನು, ಕಾರವಾರಕ್ಕೆ ಹೋಗಿ ದೋಣಿ ನಡೆಸುತ್ತಿದ್ದ. ಗದಗ ಹೊಸದಾಗಿ ಜಿಲ್ಲೆಯಾದ ದಿನಗಳಲ್ಲಿ ಅವನ ಅಂಗೈಗೆ ಹೊಲಿಗೆ ಹಾಕುವಾಗ ನಾನು ಪಕ್ಕದಲ್ಲಿ ನಿಂತು ದಾರ ಕೊಟ್ಟಿದ್ದೆ. ಅಂದಿನಿಂದ ಊರಿಗೆ ಬಂದಾಗಲೆಲ್ಲ ಬಂದು ಮಾತಾಡಿಸಿ ಹೋಗುತ್ತಾನೆ. ಗಾಳ ಹಾಕುವ ಹವ್ಯಾಸದವರನ್ನು ದೋಣಿಯಲ್ಲಿ ದ್ವೀಪಗಳ ಸುತ್ತ ಕರೆದೊಯ್ಯುವುದು ಅವನ ಉದ್ಯೋಗ. ಅವರು ಹುಳ, ಸಿಗಡಿ ಚುಚ್ಚುವುದಿಲ್ಲ. ಮೀನಿನಾಕಾರದ ಸೀಸದ ತುಂಡೊಂದನ್ನು ತಳಕ್ಕೆ ಬಿಟ್ಟು, ಕೋಲನ್ನು ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಅದನ್ನು ಕುಣಿಸುತ್ತಾರೆ. ಅದಕ್ಕೆ ಜಿಗ್ ಎನ್ನುತ್ತಾರೆ. ರಾಟೆಯಲ್ಲಿರುವುದು ಎಂಟು ಎಳೆ ಹೆಣೆದ ದಾರ. ಅದು ನೂಲಿನಷ್ಟು ತೆಳು, ಜಗ್ಗಿದರೆ ಹಿಗ್ಗುವುದಿಲ್ಲ, ಆದರೆ ಬಂಡೆಗೆ ಉಜ್ಜಿದರೆ ಉಳಿಯುವುದಿಲ್ಲ. ಅದಕ್ಕಾಗಿ ಅದರ ತುದಿಗೆ ಎರಡು ಮಾರು ಉದ್ದದ ದಪ್ಪ, ಪಾರದರ್ಶಕ ಒಂಟಿ ಎಳೆಯನ್ನು ಜೋಡಿಸಬೇಕು. ಅದು ಲೀಡರ್. ಬಂಡೆಗೂ ಮೀನಿನ ಹಲ್ಲಿಗೂ ತಡೆಯುವುದು ಅದೇ.

ತೊಂದರೆ ಇರುವುದು ಜೋಡಿಸುವಲ್ಲಿ. ಒಂದು ತೆಳು, ಒಂದು ದಪ್ಪ. ಒಂದು ಹೆಣೆದದ್ದು, ಒಂದು ನುಣುಪು. ಸಾಮಾನ್ಯ ಗಂಟು ಹಾಕಿದರೆ, ದಾರ ಹಾದುಹೋಗುವ ಕೋಲಿನ ಬಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಲೀಡರನ್ನು ಮಡಿಸದೆ, ಅದರ ಮೈಮೇಲೆ ತೆಳು ದಾರವನ್ನು ಒಮ್ಮೆ ಮೇಲಿಂದ ಒಮ್ಮೆ ಕೆಳಗಿಂದ, ಜಡೆ ಹೆಣೆದಂತೆ ಇಪ್ಪತ್ತು ಸುತ್ತು ಹೆಣೆದು, ಅರ್ಧ ಗಂಟುಗಳಿಂದ ಬಿಗಿಯುತ್ತಾರೆ. ಸರಿಯಾಗಿ ಬಿಗಿದಾಗ ದಾರ ಲೀಡರಿನ ಮೈಯನ್ನು ಕಚ್ಚುತ್ತದೆ, ಅದರ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಬಣ್ಣ ತಿರುಗಿತೆಂದರೆ ಗಂಟು ಕೂತಿತೆಂದು ಅರ್ಥ.

ಓಲಾಡುವ ದೋಣಿಯಲ್ಲಿ ಇದನ್ನು ಕಟ್ಟುವುದರೊಳಗೆ ಮೀನಿನ ಹಿಂಡು ದಾಟಿ ಹೋಗಿರುತ್ತದೆ. ಹಾಗಾಗಿ ಒಂದು ಮೊಳ ಹೆಣೆದ ದಾರ, ಅದರ ತುದಿಗೊಂದು ಕುಣಿಕೆ, ಇನ್ನೊಂದು ತುದಿಗೆ ಲೀಡರ್, ಹೀಗೆ ಮೊದಲೇ ಕಟ್ಟಿಟ್ಟ ಜೋಡಿಗಳು ಅವನಿಗೆ ಬೇಕಿದ್ದವು. ಕುಣಿಕೆಗೆ ಕುಣಿಕೆ ಸೇರಿಸಿದರೆ ದೋಣಿಯಲ್ಲಿ ಕೆಲಸ ಮುಗಿಯಿತು. ಜಿಗ್ಗನ್ನೂ ಕೊಕ್ಕೆಯನ್ನೂ ಅವನು ತಾನೇ ಕಟ್ಟಿಕೊಳ್ಳುತ್ತಿದ್ದ. ಒಮ್ಮೆ ನನ್ನ ಮನೆಗೆ ಬಂದವನು ಎದುರುಮನೆಯಲ್ಲಿ ಚಾಚಿ ಕೆಚ್ಚುವುದನ್ನು ನೋಡಿದ. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಗೆ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅವನು ಅರ್ಧ ಗಂಟೆ ಬಾಗಿಲಲ್ಲೇ ನಿಂತು ನೋಡಿ, ಆಮೇಲೆ ನನ್ನ ಮನೆಯಲ್ಲಿ ಕೂತು ಕೆಲಸದ ಮಾತೆತ್ತಿದ.

ಚಾಚಿ ಓಣಿಗೆಲ್ಲ ಚಾಚಿ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಿರಬೇಕು. ಮೊಣಕಾಲು ಹಿಡಿದು, ನೇಯಲು ಮಗ್ಗದ ಕುಣಿಗೆ ಇಳಿಯುವುದು ನಿಂತಿತ್ತು, ಬೆರಳು ಮಾತ್ರ ಹಾಗೆಯೇ ಇದ್ದವು. ಮೊದಲು ಯಾರ ಮನೆಯಲ್ಲಿ ಹಾಸು ಮುಗಿದರೂ ಕರೆ ಬರುತ್ತಿತ್ತು. ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಕರೆಯುವವರು ಕಡಿಮೆಯಾಗಿದ್ದರು. ಅವಳ ಜೊತೆಗೆ ಹಿಂದಿನ ಸಾಲಿನ ನೇಕಾರ ಮನೆಯ ಇಬ್ಬರು ವಾರಗಿತ್ತಿಯರನ್ನು ಸೇರಿಸಿದೆ. ಇಬ್ಬರೂ ಲಕ್ಷ್ಮೇಶ್ವರದವರು, ಒಂದೇ ಮಂಟಪದಲ್ಲಿ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು. ಒಬ್ಬಳು ಅರ್ಧ ಹೇಳಿದ್ದನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು.

ದೋಣಿಯವನು ಎರಡು ದಿನ ಕೂತು ಕಲಿಸಿದ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕಾಲ ಹೆಬ್ಬೆರಳಿಗೆ ಸುತ್ತಿ ಬಿಗಿಹಿಡಿದು ಹೆಣೆಯುತ್ತಿದ್ದ. ಬಿಗಿಯುವ ಮೊದಲು ಗಂಟನ್ನು ಬಾಯಲ್ಲಿಟ್ಟು ಒದ್ದೆ ಮಾಡುತ್ತಿದ್ದ. ಒಣಗಿದ ಗಂಟನ್ನು ಜಗ್ಗಿದರೆ ಬಿಸಿಯೆದ್ದು ಲೀಡರ್ ಸುಡುತ್ತದೆ, ಒದ್ದೆ ಇರಲೇಬೇಕು ಎಂದು ಹೇಳಿಕೊಟ್ಟ.

ಅವನು ಹೋದ ಮೇಲೆ ನಾನು ನನ್ನ ಪದ್ಧತಿ ತಂದೆ. ನಡುಮನೆಯಲ್ಲಿ ಉದ್ದ ಮೇಜು, ಬಿಳಿ ಬಟ್ಟೆ. ಒಂಬತ್ತಕ್ಕೆ ಕೈ ತೊಳೆದು ಕೂರಬೇಕು. ಹನ್ನೆರಡರವರೆಗೆ ಮಾತಿಲ್ಲ, ಸುತ್ತು ಎಣಿಸುವ ದನಿ ಮಾತ್ರ. ಬಾಯಿಯ ಕೆಲಸವಂತೂ ಇಲ್ಲವೇ ಇಲ್ಲ. ಇನ್ನೊಬ್ಬರ ಕೈಗೆ ಹೋಗುವ ವಸ್ತುವನ್ನು ಎಂಜಲು ಮಾಡಿ ಕೊಡುವುದು ನನ್ನಿಂದ ನೋಡಲಾಗದ ಸಂಗತಿ. ಹಲ್ಲಿನ ಬದಲು ದಾರದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಸಿದೆ, ಇನ್ನೊಂದು ತುದಿಯನ್ನು ಎಡಗೈ ಬೆರಳಿಗೆ ಸುತ್ತಿಕೊಳ್ಳಲು ಹೇಳಿದೆ. ಎಂಜಲಿನ ಬದಲು ಒಬ್ಬೊಬ್ಬರ ಮುಂದೆ ಒಂದೊಂದು ಬಟ್ಟಲು ಕುದಿಸಿ ಆರಿಸಿದ ನೀರು ಇಟ್ಟೆ. ಚಾಚಿ ಆ ಬಟ್ಟಲನ್ನೂ ನನ್ನನ್ನೂ ಒಂದು ಸಲ ನೋಡಿ ಕೆಲಸಕ್ಕೆ ಕೂತಳು.

ಪರೀಕ್ಷೆಗೂ ಕ್ರಮ ಇಟ್ಟಿದ್ದೆ. ಹತ್ತಿ ತೂಗುವವರ ಸ್ಪ್ರಿಂಗ್ ತಕ್ಕಡಿಯೊಂದನ್ನು ತೊಲೆಗೆ ತೂಗುಹಾಕಿ, ಪ್ರತಿ ಜೋಡಿಯನ್ನೂ ಅದಕ್ಕೆ ಸಿಕ್ಕಿಸಿ ಎಂಟು ಕಿಲೋ ಬೀಳುವವರೆಗೆ ಜಗ್ಗಿ, ಅರವತ್ತು ಎಣಿಸುತ್ತಿದ್ದೆ. ವಾರಗಿತ್ತಿಯರ ಗಂಟುಗಳಲ್ಲಿ ಹತ್ತಕ್ಕೆ ಎರಡು ಅಲ್ಲೇ ಜಾರುತ್ತಿದ್ದವು, ಕತ್ತರಿಸಿ ಮತ್ತೆ ಕಟ್ಟುತ್ತಿದ್ದರು. ಚಾಚಿಯದು ಒಂದೂ ಜಾರಲಿಲ್ಲ. ಬಣ್ಣವಂತೂ ಬಿಗಿಯುವ ಮೊದಲೇ ತಿರುಗಿದಂತೆ ಕಾಣುತ್ತಿತ್ತು. ಮೊದಲ ಕಂತಿನಲ್ಲಿ ನಲವತ್ತು ಕಳಿಸಿದೆವು.

ಆ ನಲವತ್ತರಲ್ಲಿ ದೋಣಿಯವನು ಮೊದಲು ಬಿಚ್ಚಿದ್ದು ಹಸಿರು ಗುರುತಿನ ಕಟ್ಟನ್ನು; ನೀರಿಗಿಳಿದ ಹನ್ನೊಂದೂ ಜಾರಿದ್ದವು. ಡಬ್ಬಿ ಬಂದ ದಿನವೇ ದೋಣಿಯವನ ಫೋನೂ ಬಂತು. ಅವನು ಸಿಟ್ಟು ಮಾಡಲಿಲ್ಲ. ಮೀನು ಕಚ್ಚಿ, ಕೋಲು ಬಾಗಿ, ಅರ್ಧ ಮೇಲೆ ಬರುವಷ್ಟರಲ್ಲಿ ಒಮ್ಮೆಲೇ ಹಗುರಾಗುತ್ತದೆ ಎಂದ. ಹೋದ ಜಿಗ್ಗಿನ ವಿಷಯ ಅವನು ಎತ್ತಲಿಲ್ಲ. ಮೀನಿನ ಬಗ್ಗೆ ಹೇಳಿದ: ಬಾಯಲ್ಲಿ ಕೊಕ್ಕೆ, ಹಿಂದೆ ಎರಡು ಮಾರು ದಾರ ಎಳೆದುಕೊಂಡು ಅದು ಎಷ್ಟು ದಿನ ಬದುಕೀತು ಎಂದು. ಕೊನೆಗೆ, ಇನ್ನೊಮ್ಮೆ ಹೀಗಾದರೆ ತಾನು ಹೊರಗಿನಿಂದ ತರಿಸಿಕೊಳ್ಳುವುದಾಗಿಯೂ, ನಾನು ಬೇಜಾರು ಮಾಡಿಕೊಳ್ಳಬಾರದೆಂದೂ ಹೇಳಿದ.

ಒಂಬತ್ತಕ್ಕೆ ಮೂವರೂ ಬಂದರು. ನಾನು ಬಟ್ಟೆಯ ಮೇಲಿನ ಸಾಲನ್ನು ತೋರಿಸಿದೆ. ಯಾರ ಗುರುತು ಎಂದು ಹೇಳಬೇಕಾಗಿರಲಿಲ್ಲ. ಥಿಯೇಟರಿನಲ್ಲಿ ತಪ್ಪು ಕಂಡರೆ ಮೊದಲು ಆ ಕೈಯನ್ನು ಮೇಜಿನಿಂದ ದೂರ ಇಡುತ್ತೇವೆ, ವಿಚಾರಣೆ ಆಮೇಲೆ. ಅಲ್ಲಿ ಅದು ಸರಿ. ಇಲ್ಲಿಯೂ ಹಾಗೆಯೇ ಮಾಡಿದೆ.

"ಚಾಚಿ, ಸ್ವಲ್ಪ ದಿನಾ ನೀವು ಮನ್ಯಾಗ ಆರಾಮ ಇರ್ರಿ" ಎಂದೆ.

ಅವಳು ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. "ನಲವತ್ತು ವರ್ಷ ಆತ್ರಿ ಸಿಸ್ಟರ್. ನಾ ಕೆಚ್ಚಿದ ಎಳಿ ಒಂದೂ ಮಗ್ಗದ ಮ್ಯಾಲೆ ಬಿಚ್ಚಿಲ್ಲ."

"ಇದು ಮಗ್ಗ ಅಲ್ಲಲ್ಲ."

"ಖರೆ" ಎಂದು ತುಂಡನ್ನು ಇದ್ದ ಜಾಗದಲ್ಲೇ, ಸಾಲು ಕೆಡದಂತೆ ಇಟ್ಟು, ಚಪ್ಪಲಿ ಹಾಕಿಕೊಂಡು ಹೋದಳು. ಮರುದಿನ ಎದುರುಮನೆಗೆ ಬೀಗ ಬಿದ್ದಿತ್ತು. ಶಿರಹಟ್ಟಿಯ ಮಗಳ ಮನೆಗೆ ಹೋಗಿದ್ದಾಳೆಂದು ಕಿರಿಯ ವಾರಗಿತ್ತಿ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಚಾಚಿಯ ಜಾಗ ಖಾಲಿ ಬಿಡಲಾಗದೆ ನಾನೇ ಕೂತೆ. ಗಂಟು ನನಗೆ ಹೊಸದಲ್ಲ. ಹೆಣೆದ ರೇಷ್ಮೆ ದಾರ ಮೂರು ಗಂಟಿಗೆ ನಿಲ್ಲುತ್ತದೆ, ಒಂಟಿ ಎಳೆಯ ನೈಲಾನಿಗೆ ಐದಾರು ಬೇಕು ಎಂಬುದು ನನ್ನ ಕೈಗೇ ಗೊತ್ತಿತ್ತು. ಆದರೂ ಮೊದಲ ದಿನ ಕಟ್ಟಿದ ಎಂಟರಲ್ಲಿ ಐದು ತಕ್ಕಡಿಯಲ್ಲೇ ಜಾರಿದವು. ಎಡಗೈಗೆ ಸುತ್ತಿದ ದಾರ ನುಣುಚುತ್ತಿತ್ತು, ಹನ್ನೆರಡನೇ ಸುತ್ತಿಗೆ ಬಿಗಿ ಸಡಿಲುತ್ತಿತ್ತು. ನೀರು ಹಚ್ಚಿದರೆ ಇನ್ನೂ ಜಾರುತ್ತಿತ್ತು. ಎರಡನೇ ದಿನವೂ ಅದೇ ಗತಿ.

ಮೂರನೇ ದಿನ ಕೆಲಸ ನಿಲ್ಲಿಸಿ ಯೋಚಿಸಿದೆ. ನನ್ನ ಕೈಗೆ ಬಾರದ ಹಿಡಿತ ಚಾಚಿಯ ಕೈಗೆ ಎಲ್ಲಿಂದ ಬಂದಿತ್ತು? ತಕ್ಕಡಿಯಲ್ಲಿ ಎಲ್ಲರಿಗಿಂತ ಗಟ್ಟಿ ಅವಳ ಗಂಟು. ಸಮುದ್ರದಲ್ಲಿ ಜಾರಿದ್ದೂ ಅವಳದೇ. ತಕ್ಕಡಿಗೂ ಸಮುದ್ರಕ್ಕೂ ನಡುವೆ ಬದಲಾದದ್ದು ಒಂದೇ, ನೀರು. ನಾನು ಒಣ ಗಂಟನ್ನು ಪರೀಕ್ಷಿಸಿ ಒದ್ದೆ ಕೆಲಸಕ್ಕೆ ಕಳಿಸಿದ್ದೆ. ಇದು ಡಬ್ಬಿ ಬಂದ ದಿನವೇ ಹೊಳೆಯಬೇಕಿತ್ತು.

ಎರಡನೇ ಕಂತಿಗೆಂದು ಚಾಚಿ ಕಟ್ಟಿಟ್ಟಿದ್ದ ಆರು ಜೋಡಿ ಪೆಟ್ಟಿಗೆಯಲ್ಲಿದ್ದವು. ಬಕೆಟಿನಲ್ಲಿ ನೀರಿಗೆ ಹರಳುಪ್ಪು ಕದಡಿ ಮೂರನ್ನು ಅದರಲ್ಲಿ ಹಾಕಿದೆ, ಮೂರನ್ನು ಒಣದಾಗಿಯೇ ಇಟ್ಟೆ. ಅರ್ಧ ಗಂಟೆ ಗಡಿಯಾರ ನೋಡಿ ತೆಗೆದೆ. ಒಣಗಿದ ಮೂರೂ ಎಂಟು ಕಿಲೋಗೆ ಅಲುಗಲಿಲ್ಲ. ನೆನೆದದ್ದರಲ್ಲಿ ಮೊದಲನೆಯದು ಮೂರು ಕಿಲೋ ದಾಟುವಾಗ, ಎಣ್ಣೆ ಹಚ್ಚಿದ ಕೈಯಿಂದ ಬಳೆ ಕಳಚಿದ ಹಾಗೆ ಇಡಿಯಾಗಿ ಜಾರಿ ಬಂತು. ಉಳಿದೆರಡೂ ಹಾಗೆಯೇ. ದಾರ ಮುಟ್ಟಿದರೆ ಬೆರಳಿಗೆ ಲೋಳೆ ಹತ್ತಿತು. ಮೂಗಿಗೆ ಹಿಡಿದೆ. ಬೆಟಗೇರಿಯಲ್ಲಿ ಇದ್ದವರಿಗೆ ಆ ವಾಸನೆ ಗೊತ್ತಿರುತ್ತದೆ. ನಿನ್ನೆಯ ಗಂಜಿಯ ಹುಳಿ ವಾಸನೆ ಅದು. ಹಾಸಿನ ನೂಲು ಗಟ್ಟಿಯಾಗಲೆಂದು ನೇಕಾರರು ಬಳಿಯುವ ಅದೇ ಗಂಜಿ.

ನಮ್ಮ ಬೋರಿನ ನೀರು ಕುದಿಸಿದರೂ ಬೆಳ್ಳಗೇ ಇರುತ್ತದೆ. ಬಟ್ಟಲಿನಲ್ಲಿ ಗಂಜಿ ಕಲೆಸಿದ್ದರೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಗಂಜಿ ಕುಡಿದ ದಾರ ಬಿಗಿಯುವ ಮೊದಲೇ ಗಾಢವಾಗಿತ್ತು, ನಾನು ಅದನ್ನೇ ಗಂಟು ಕೂತ ಗುರುತು ಎಂದು ನಂಬಿದ್ದೆ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಒಣ ಗಾಳಿಗೆ ಅದು ಗಂಟೆಯೊಳಗೆ ಅಂಟಿನಂತೆ ಗಡುಸಾಗಿ ಹಿಡಿದುಕೊಳ್ಳುತ್ತಿತ್ತು. ತಕ್ಕಡಿ ಅಳೆದದ್ದು ಗಂಟನ್ನಲ್ಲ, ಗಂಜಿಯನ್ನು.

ಮರುದಿನ ಒಂಬತ್ತರ ಬಸ್ಸಿಗೆ ಶಿರಹಟ್ಟಿಗೆ ಹೋದೆ. ಚಾಚಿ ಮಗಳ ಮನೆಯ ಕಟ್ಟೆಯ ಮೇಲೆ ಮೊಣಕಾಲು ಚಾಚಿ ಕೂತಿದ್ದಳು. ಮಗಳು ಚಹಾ ಕೊಟ್ಟು, ಅವ್ವ ವಿಶ್ರಾಂತಿಗೆ ಬಂದಿದ್ದಾಳೆ, ಇನ್ನೆರಡು ವಾರ ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದಳು. ಚಾಚಿ ನನ್ನನ್ನು ನೋಡಿದಳು. ಮಗಳಿಗೆ ಏನೂ ಹೇಳಿರಲಿಲ್ಲ ಎಂದು ತಿಳಿಯಿತು. ಮಗಳು ಒಳಗೆ ಹೋದ ಮೇಲೆ ಕೇಳಿದೆ.

"ಬಟ್ಟಲದಾಗ ಗಂಜಿ ಹಾಕಿದ್ರೇನ್ರಿ ಚಾಚಿ?"

"ಹಾಕಿದ್ನಲ್ರಿ. ಗಂಜಿ ಇಲ್ದ ಎಳಿ ಯಾವಾಗ ಮಾತು ಕೇಳೇತಿ? ಬೆರಳಾಗ ನಿಲ್ಲವಲ್ದು ಆ ದಾರ. ದೋಣ್ಯಾಂವ ಹಲ್ಲಾಗ ಹಿಡೀತಿದ್ದ. ನೀವು ಬಾಯಿ ಹಚ್ಚಬ್ಯಾಡ್ರಿ ಅಂದ್ರಿ."

"ನನಗ ಒಂದು ಮಾತು ಹೇಳಬೇಕಿತ್ತಲ್ರಿ."

"ಯಾವಾಗ ಹೇಳ್ಲಿ? ಮಾತಾಡಬ್ಯಾಡ್ರಿ ಅಂತನೂ ನೀವ ಅಂದಿದ್ರಿ."

ಅವಳ ದನಿಯಲ್ಲಿ ಸೇಡು ಇರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. ಗಂಜಿ ಅವಳಿಗೆ ಗುಟ್ಟಿನ ಸಂಗತಿಯೇ ಆಗಿರಲಿಲ್ಲ. ಎಳೆ ಕೈಗೆ ಬಂದರೆ ಗಂಜಿ ಬೇಕು, ಅದನ್ನು ಯಾರನ್ನೂ ಕೇಳುವುದಿಲ್ಲ. ನಾನು ಬಕೆಟಿನ ವಿಷಯ ಹೇಳಿದೆ. ಮೂರು ಕಿಲೋಗೆ ಜಾರಿತು ಎಂದಾಗ ಅವಳ ಮುಖ ಇಳಿಯಿತು. ಅಲ್ಲಿಯವರೆಗೆ ಆ ಹನ್ನೊಂದು ತನ್ನವಲ್ಲ, ನಾನು ಗುರುತು ತಪ್ಪಿದ್ದೇನೆ ಎಂದೇ ಅವಳು ನಂಬಿದ್ದಳಂತೆ.

"ಹಂಗಾರ ತಪ್ಪು ನಂದ ಆತು" ಎಂದಳು.

"ನನ್ನದು ಚಾಚಿ. ನೀವು ಮಾಡಿದ್ದನ್ನ ನಾ ಕೇಳಲೂ ಇಲ್ಲ, ನೀರಾಗ ಹಾಕಿ ನೋಡಲೂ ಇಲ್ಲ."

ಚಾಚಿ, ಕಾರವಾರದಲ್ಲಿ ಇನ್ನೂ ಎಷ್ಟು ಉಳಿದಿವೆ ಎಂದು ಕೇಳಿದಳು. ಇಪ್ಪತ್ತೊಂಬತ್ತು. ಅದರಲ್ಲಿ ಅವಳ ಹಸಿರು ಗುರುತಿನವು ನಾಲ್ಕೇ. ಆ ನಾಲ್ಕನ್ನು ತೆಗೆದಿಡಲು ಹೇಳಿದರೆ ಸಾಕು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದೆ. ಅದನ್ನೇ ಹೇಳಿದೆ. ಚಾಚಿ ಸಾಲದು ಎಂಬಂತೆ ತಲೆಯಾಡಿಸಿ, ವಾರಗಿತ್ತಿಯರನ್ನೂ ಕೇಳಿ ನೋಡಿ ಎಂದಳು.

ಸಂಜೆ ಬೆಟಗೇರಿಗೆ ಮರಳಿ ವಾರಗಿತ್ತಿಯರನ್ನು ಕೇಳಿದೆ. ಒಬ್ಬರನ್ನೊಬ್ಬರು ನೋಡಿದರು. ತಮ್ಮ ಬಟ್ಟಲಿನ ನೀರಿಗೆ ಹಿಡಿತ ಸಿಗದಿದ್ದಾಗ, ನಾನು ತಕ್ಕಡಿಯ ಕಡೆ ತಿರುಗಿದ ಹೊತ್ತು ನೋಡಿ, ಚಾಚಿಯ ಬಟ್ಟಲಿನಲ್ಲಿ ಬೆರಳು ಅದ್ದುತ್ತಿದ್ದರಂತೆ. ಎಷ್ಟು ಸಲ ಎಂದರೆ ಹಿರಿಯವಳು ನೆನಪಿಲ್ಲ ಎಂದಳು. ಕಿರಿಯವಳು, "ನೆನಪಿಟ್ಟು ಅದ್ದಾಕ ಅದೇನು ಎಣಿಸೋ ಸುತ್ತೇನ್ರಿ" ಎಂದು ನಕ್ಕು, ನನ್ನ ಮುಖ ನೋಡಿ ನಗು ನುಂಗಿದಳು.

ಯಾವುದು ಗಂಜಿಯದು, ಯಾವುದು ಅಲ್ಲ ಎಂದು ಹೇಳುವವರು ಇನ್ನು ಯಾರೂ ಇರಲಿಲ್ಲ. ಸಮುದ್ರಕ್ಕೆ ಇನ್ನೂ ಇಳಿಯದ ಆ ಇಪ್ಪತ್ತೊಂಬತ್ತರಲ್ಲಿ ಹೆಚ್ಚಿನವು ಗಟ್ಟಿಯೇ ಇದ್ದಿರಬಹುದು. ಆದರೆ ಒಂದು ತಟ್ಟೆಯಲ್ಲಿ ಒಂದು ಉಪಕರಣದ ಬಗ್ಗೆ ಅನುಮಾನ ಬಂದರೆ ಇಡೀ ತಟ್ಟೆ ಹೊರಗೆ ಹೋಗಬೇಕು. ಈ ನಿಯಮವನ್ನು ನಾನು ಎಷ್ಟೋ ಎಳೆಯ ನರ್ಸುಗಳಿಗೆ ಕಲಿಸಿದ್ದೇನೆ. ದೋಣಿಯವನಿಗೆ ಫೋನು ಮಾಡಿ, ಶನಿವಾರ ದೋಣಿ ಹೊರಡುವುದಿದೆಯೆಂದು ಗೊತ್ತಿದ್ದರೂ, ಎಲ್ಲವನ್ನೂ ಕತ್ತರಿಸಿ ಎಸೆ ಎಂದೆ. ಕಾರಣವನ್ನೂ ಮರೆಮಾಚದೆ ಹೇಳಿದೆ. ಎಂಜಲು ಬೇಡವೆಂದದ್ದು, ಮಾತು ಬೇಡವೆಂದದ್ದು, ಒಣ ತಕ್ಕಡಿ.

ಅವನು ಕೇಳಿದ್ದು ಒಂದೇ. "ಅಲ್ರಿ ಸಿಸ್ಟರ್, ನನ್ನ ಕೈ ಹೊಲಿದಾಗೂ ಹಿಂಗ ಗಂಜಿ ಹಚ್ಚಿದ್ರೇನು?"

"ನೀನು ಕೈ ಬಕೆಟ್ನ್ಯಾಗ ಅದ್ದಿ ನೋಡ್ಕೊ ತಮ್ಮಾ" ಎಂದೆ.

ನಕ್ಕ. ಆಮೇಲೆ ನಗು ಬಿಟ್ಟು, ಶನಿವಾರಕ್ಕೆ ತಾನೇ ದೋಣಿಯಲ್ಲಿ ಕಟ್ಟಿಕೊಳ್ಳುವುದಾಗಿ ಹೇಳಿದ. ಅದರ ಮುಂದಿನ ವಾರ ಹನ್ನೆರಡು ಜೋಡಿ ಕಳಿಸಿ, ಅದೇ ಕೊನೆಯ ಪರೀಕ್ಷೆ ಎಂದ. ನನಗೆ ಎಂಟು ದಿನ ಸಿಕ್ಕಿತು.

ಚಾಚಿ ಎರಡು ದಿನಕ್ಕೇ ಬೆಟಗೇರಿಗೆ ಬಂದಳು. ನನ್ನ ಮನೆಗೆ ಬರಲಿಲ್ಲ. ಕಿರಿಯವಳ ಕೈಯಲ್ಲಿ ಖಬರ ಕಳಿಸಿದಳು: ಸಿಸ್ಟರ್ ದಾರ, ಲೀಡರ್ ಎರಡೂ ತಗೊಂಡು ಇಲ್ಲಿಗೇ ಬರಲಿ. ನಾನು ಎರಡು ಸುರುಳಿ ಎತ್ತಿಕೊಂಡು ರಸ್ತೆ ದಾಟಿದೆ.

ಅವಳ ನಡುಮನೆಯಲ್ಲಿ ಕುಣಿಮಗ್ಗ ಹಾಗೆಯೇ ನಿಂತಿತ್ತು. ಬಟ್ಟೆ ಸುತ್ತುವ ದಿಮ್ಮಿಗೂ ಎದುರಿನ ಗೂಟಕ್ಕೂ ನಡುವೆ ಅವಳು ಆಗಲೇ ಒಂದು ಹತ್ತಿ ಎಳೆ ಕಟ್ಟಿ, ದಿಮ್ಮಿ ತಿರುಗಿಸಿ, ಬೆರಳಿಂದ ಮೀಟಿದರೆ ಸದ್ದು ಬರುವಷ್ಟು ಬಿಗಿದಿದ್ದಳು. ದೋಣಿಯವನ ಹಲ್ಲು, ಕಾಲ ಹೆಬ್ಬೆರಳು ಎರಡರ ಕೆಲಸವನ್ನೂ ಮಗ್ಗವೇ ಮಾಡುತ್ತದೆ ಎಂದಳು. ಹೆಣೆದ ದಾರವನ್ನು ಅಲ್ಲಿ ಕಟ್ಟಿ ಬಿಗಿದರೆ ಅದು ಅಲುಗುವುದಿಲ್ಲ. ಆಮೇಲೆ ದಾರವನ್ನು ಲೀಡರಿಗೆ ಸುತ್ತುವುದಲ್ಲ, ಲೀಡರನ್ನೇ ಆ ಬಿಗಿದ ದಾರದ ಮೇಲೆ ಕೆಳಗೆ ಆಡಿಸುವುದು. ಲಾಳಿ ಆಡಿಸಿದ ಹಾಗೆ. ಬಿಗಿ ಹಿಡಿಯುವ ಚಿಂತೆ ಬೆರಳಿಗಿಲ್ಲ, ಹಾಗಾಗಿ ಗಂಜಿಯೂ ಬೇಕಿಲ್ಲ.

ನಾನು ಕುಣಿಯ ಅಂಚಿನಲ್ಲಿ ಕೂತು ನೋಡಿದೆ. ಇಪ್ಪತ್ತು ಸುತ್ತು, ಒಂದರ ಪಕ್ಕ ಒಂದು, ನಡುವೆ ಸಂದಿಲ್ಲ. ಎರಡು ಅರ್ಧ ಗಂಟು. ನೀರು ಹಚ್ಚಿ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಜಗ್ಗಿದಳು. ಆಗ ಮೊದಲ ಸಲ ನಮ್ಮವರ ಕೈಯಲ್ಲಿ ಬಣ್ಣ ನಿಜವಾಗಿ ತಿರುಗುವುದನ್ನು ಕಂಡೆ. ತಿಳಿ ಹಸಿರು ದಾರ ಗಂಟಿನ ಉದ್ದಕ್ಕೂ ಎಲೆಯ ಬಣ್ಣಕ್ಕೆ ಇಳಿಯಿತು. ಲೀಡರಿನ ತುದಿಯನ್ನು ಉಗುರು ಕತ್ತರಿಸುವ ಕತ್ತರಿಯಿಂದ ಒತ್ತಿ ಕತ್ತರಿಸಿ, ಮೇಲೆ ಆಚೆಗೊಂದು ಈಚೆಗೊಂದು ಎಂಟು ಅರ್ಧ ಗಂಟು ಹಾಕಿದಳು. ಬೆರಳು ಆಡಿಸಿದರೆ ಗಂಟು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ.

ನಾನು ಬಕೆಟು, ಉಪ್ಪು, ತಕ್ಕಡಿ ತಂದೆ. ಅರ್ಧ ಗಂಟೆ ನೆನೆಸಿ ತೂಗುಹಾಕಿದೆ. ಎಂಟು ಕಿಲೋ, ಅರವತ್ತು ಎಣಿಕೆ. ನಿಂತಿತು. ಹತ್ತಕ್ಕೆ ಏರಿಸಿದೆ. ನಿಂತಿತು. ಎರಡನೆಯದು ಮಾತ್ರ ಐದಕ್ಕೇ ಜಾರಿತು. ಚಾಚಿ ಅದನ್ನು ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದು, ಹದಿಮೂರು ಹದಿನಾಲ್ಕನೇ ಸುತ್ತು ಒಂದರ ಮೇಲೊಂದು ಏರಿವೆ ಎಂದು ತೋರಿಸಿದಳು. ಅಂದು ಎಂಟು ಕಟ್ಟಿ ಎರಡು ಕತ್ತರಿಸಿದೆವು. ಮೂರನೇ ದಿನ ಒಂದನ್ನೂ ಕತ್ತರಿಸಲಿಲ್ಲ.

ಮೇಜು ನನ್ನ ಮನೆಗೆ ಮರಳಲಿಲ್ಲ. ಚಾಚಿಯ ಮನೆಯಲ್ಲಿ ಚಾಚಿಯ ಪದ್ಧತಿ. ಕೈ ತೊಳೆಯುವುದನ್ನು ಅವಳು ಉಳಿಸಿಕೊಂಡಳು, ಗಂಜಿಯ ಮಡಕೆಯನ್ನು ತಾನೇ ಹಿತ್ತಲಿಗೆ ಇಟ್ಟಳು. ಮಾತು ಬೇಡವೆಂಬ ನಿಯಮವನ್ನು ತೆಗೆದುಹಾಕಿದಳು. ವಾರಗಿತ್ತಿಯರು ಅತ್ತೆಯ ಸುದ್ದಿಯಿಂದ ಹಿಡಿದು ತರಕಾರಿಯವನ ಕುದುರೆ ಬಾಲದ ಜುಟ್ಟಿನವರೆಗೆ ಮಾತಾಡುತ್ತಲೇ ಹೆಣೆಯುತ್ತಿದ್ದರು, ಸುತ್ತು ತಪ್ಪುತ್ತಿರಲಿಲ್ಲ. ಮಾತಿನ ನಡುವೆಯೇ "ಚಾಚಿ, ಇದು ಯಾಕೋ ಏರಾಕತ್ತೇತಿ" ಎಂಬುದೂ ಬರುತ್ತಿತ್ತು, ಅವಳು ಕೂತಲ್ಲಿಂದಲೇ ಸರಿಪಡಿಸುತ್ತಿದ್ದಳು. ನನಗೆ ಬಕೆಟಿನ ಕೆಲಸ ಕೊಟ್ಟಿದ್ದರು.

ಹನ್ನೆರಡು ಜೋಡಿ ಗುರುವಾರದ ಬಸ್ಸಿಗೆ ಹೋದವು. ಶನಿವಾರ ದೋಣಿ ಹೊರಡುವುದು ಬೆಳಗಿನ ಆರಕ್ಕೆ. ದ್ವೀಪದ ಸುತ್ತ ಫೋನು ಸಿಗುವುದಿಲ್ಲ, ದಡಕ್ಕೆ ಬರುವುದು ಹನ್ನೊಂದರ ಮೇಲೆ. ಅಂದು ಒಂಬತ್ತಕ್ಕೆ ಎಲ್ಲರೂ ಚಾಚಿಯ ಮನೆಯಲ್ಲಿದ್ದೆವು, ಆದರೆ ಮಗ್ಗಕ್ಕೆ ದಾರ ಕಟ್ಟಲು ಯಾರೂ ಮೇಲೇಳಲಿಲ್ಲ. ಚಾಚಿ ಅಕ್ಕಿ ಆರಿಸುತ್ತ ಕೂತಳು. ಆರಿಸಿದ ಅಕ್ಕಿಯನ್ನೇ ಎರಡನೇ ಸಲ ಆರಿಸುತ್ತಿದ್ದುದನ್ನು ನಾನು ನೋಡಿದೆ. ಕೈ ಸೋತಿತು ಎಂದು ಓಣಿಯಲ್ಲಿ ಆಗಲೇ ಒಂದಿಬ್ಬರು ಆಡಿದ್ದರು. ಇನ್ನೊಮ್ಮೆ ಗಂಟು ಜಾರಿದ ಸುದ್ದಿ ಬಂದರೆ ಅವಳನ್ನು ಕೆಚ್ಚಲು ಕರೆಯುತ್ತಿದ್ದ ಉಳಿದೆರಡು ಮನೆಗಳೂ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹನ್ನೊಂದೂಕಾಲಿಗೆ ಫೋನು ಬಂತು. ಎಲ್ಲರಿಗೂ ಕೇಳುವಂತೆ ಹಿಡಿದೆ. ಗಾಳಿಯ ಸದ್ದಿನಲ್ಲಿ ಅವನ ದನಿ.

"ಸಿಸ್ಟರ್, ಒಂದು ಹೋತ್ರಿ."

ಚಾಚಿಯ ಕೈ ಮೊರದ ಮೇಲೆ ನಿಂತಿತು. ನಾನು ಕೇಳಬೇಕಾದದ್ದನ್ನು ಕೇಳಿದೆ. "ಎಲ್ಲಿ ಹೋತು?"

"ಕೊಕ್ಕಿ ಕಡೆ. ಬಂಡೆಗಲ್ಲ ಕೆಳಗ ಹೊಕ್ಕಿತ್ತು ಮೀನು, ಭಾರಿ ಇತ್ತು. ಇಬ್ಬರು ಕೂಡಿ ಜಗ್ಗಿದ್ವಿ. ನಿಮ್ಮ ಗಂಟು ಇಲ್ಲೇ ಐತಿ, ನನ್ನ ಕೈಯಾಗ. ಲೀಡರೂ ಐತಿ. ಜಿಗ್ಗಿಗೆ ನಾ ಕಟ್ಟಿದ್ದ ಗಂಟು ಬಿಚ್ಚಿ ಹೋತು. ಉಳಿದ ಹನ್ನೊಂದೂ ಗಟ್ಟಿ ಅದಾವು."

ವಾರಗಿತ್ತಿಯರು ಒಬ್ಬರ ತೋಳು ಒಬ್ಬರು ಹಿಡಿದುಕೊಂಡರು. ಮುಂದಿನ ಕಂತು ಯಾವಾಗ ಕಳಿಸುತ್ತೀರಿ ಎಂದು ಅವನು ಕೇಳುತ್ತಿದ್ದ. ನಾನು ಉತ್ತರಕ್ಕಾಗಿ ಚಾಚಿಯ ಕಡೆ ತಿರುಗಿದೆ. ಅವಳು ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು, ಮಗ್ಗದ ದಿಮ್ಮಿಯ ಹತ್ತಿರ ಹೋಗಿ ಕೂತಳು.

"ಕೊಕ್ಕಿ ಗಂಟು ಯಾರು ಕಟ್ಟಿದ್ರಂತ?" ಎಂದು ಕೇಳಿದಳು.

"ಅವನ ಕಟ್ಟಿದ್ನಂತ."

"ಹಂಗಾರ ಸೋಮವಾರ ಬಾ ಅನ್ರಿ ಅವಗ. ಎರಡು ದಿನಾ ಕುಂಡ್ರಲಿ. ಅದನ್ನೂ ಕಲಿಸೋಣ."